ಅಮ್ಮನ ಕೋಳಿ ಹಾಡು

ವಿಲ್ಲಾ ರೆಬೆಕಾ, ಎಂತ್ರೆ ರಿಯೋಸ್
ಡಿಸೆಂಬರ್ 9, 1997

ಪ್ರೀತಿಯ ಬೆರ್ತಕ್ಕ,

ನಿನ್ನ ಕಿವಿ ಪೂರ್ತಿ ಕೈಕೊಟ್ಟ ಮೇಲೆ ಫೋನಿನಲ್ಲಿ ಕಿರುಚಿ ಕಿರುಚಿ ನನ್ನ ಗಂಟಲೂ ಹೋಯಿತು. ಇನ್ನು ಕಾಗದವೇ ಗತಿ. ಹೈಫಾ ಮುಟ್ಟುವಷ್ಟರಲ್ಲಿ ಸುದ್ದಿ ಹಳಸಿರುತ್ತದೆ, ಆದರೂ ಓದು.

ಅಮ್ಮ ಸ್ಪ್ಯಾನಿಷ್ ಮರೆತುಬಿಟ್ಟಿದ್ದಾಳೆ. ಆಗಸ್ಟಿನ ಜ್ವರ ಬಿಟ್ಟಾಗಿನಿಂದ ಬಾಯಿ ತೆಗೆದರೆ ಬರೀ ಯಿಡ್ಡಿಷ್. ನಾನು ಸ್ಪ್ಯಾನಿಷ್‌ನಲ್ಲಿ ಕೇಳುತ್ತೇನೆ, ಅವಳು ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿಕೊಂಡು ಯಿಡ್ಡಿಷ್‌ನಲ್ಲಿ ಏನೋ ಹೇಳುತ್ತಾಳೆ. ಡಾಕ್ಟರನ್ನು ಕೇಳಿದೆ. "ವಯಸ್ಸಾದವರಿಗೆ ಆಮೇಲೆ ಕಲಿತ ಭಾಷೆ ಮೊದಲು ಉದುರತ್ತೆ, ಹಾಲು ಕುಡಿಯುವಾಗಿಂದ ಬಂದಿದ್ದು ಉಳ್ಕೊಳ್ಳತ್ತೆ. ಮಗಳಾಗಿ ನಿಮಗೆ ಅಷ್ಟೂ ಬರಲ್ವಾ?" ಎಂದರು. ಮುಖಕ್ಕೆ ಹೊಡೆದ ಹಾಗಾಯಿತು.

ನನಗೆ ಎಲ್ಲಿಂದ ಬರಬೇಕು ಹೇಳು? ನನ್ನನ್ನು ಸೇರಿಸಬೇಕಾಗಿದ್ದ ವರ್ಷವೇ ಊರಿನ ಯೆಹೂದಿಗಳ ಯಿಡ್ಡಿಷ್ ಶಾಲೆ ಮುಚ್ಚಿತು. ಮನೆಯಲ್ಲಿ ನನ್ನ ಜೊತೆ ಎಲ್ಲರೂ ಸ್ಪ್ಯಾನಿಷ್. ಅಪ್ಪ ಅಮ್ಮ ತಮ್ಮೊಳಗೆ ಮಾತ್ರ ಅದು, ಮಧ್ಯೆ ಬಾಯಿ ಹಾಕಲು ನೀನು. ಈಗ ಅದನ್ನು ಬಲ್ಲವರನ್ನು ಹುಡುಕಿಕೊಂಡು ಹೋದರೆ ಊರ ಸ್ಮಶಾನಕ್ಕೇ ಹೋಗಬೇಕು.

ಒಂದು ಸಮಾಧಾನ ಇದೆ. ಹಾಡುತ್ತಾಳೆ! ನಾನು ಕೋಣೆಗೆ ಕಾಲಿಟ್ಟ ಕೂಡಲೇ ಶುರು. ಆ ಹಳೆಯ ಕುಣಿತದ ಮಟ್ಟು ನೆನಪಿದೆಯಾ? ಅಪ್ಪ ಮೇಜು ಬಡಿಯುತ್ತಿದ್ದ, ಅಮ್ಮ ಹಾಡುತ್ತಿದ್ದಳು, ನೀನು "ಆಯ್ ದಯ್ ದಯ್" ಎನ್ನುತ್ತಿದ್ದೆ, ನಾನು ನಡುವೆ ಗಿರಗಿರ ತಿರುಗುತ್ತಿದ್ದೆ. ಅದೇ ಮಟ್ಟು. ನಡುನಡುವೆ ಫೋಟೋದ ಕಡೆ ನೋಡಿ "ನಾಹುಮ್" ಎನ್ನುತ್ತಾಳೆ, ಅಪ್ಪ ಇನ್ನೂ ಮೇಜು ಬಡಿಯುತ್ತಿದ್ದಾನೇನೋ ಎಂಬಂತೆ. ಹಾಡುವಾಗ ನನ್ನ ಮುಖ ನೋಡಿ ನಗುತ್ತಾಳೆ. ಊರಲ್ಲಿ ಯಾರ ಮನೆಯಲ್ಲೂ ಅಷ್ಟು ಹಾಡು ಇರಲಿಲ್ಲ ಅಕ್ಕ, ಬಡವರಾದರೂ ನಾವು ಅದೃಷ್ಟವಂತರು.

ಕೆಲಸಕ್ಕೆ ಬರುವ ರಮೋನಾ ಒಂದು ಹೊಸ ಕಥೆ ಕಟ್ಟಿದ್ದಾಳೆ. "ನನ್ ಜೊತೆ ದೊಡ್ಡಮ್ಮ ಚೆನ್ನಾಗೇ ಸ್ಪ್ಯಾನಿಷ್ ಮಾತಾಡ್ತಾರಲ್ಲ, ನೀವು ಬಂದ್ರೆ ಮಾತ್ರ ಆ ಭಾಷೆ" ಎಂದಳು. ಅಮ್ಮನಿಗೆ ತಾನೇ ಹೆಚ್ಚು ಬೇಕಾದವಳು ಎಂದು ತೋರಿಸಿಕೊಳ್ಳುವ ಚಪಲ. ನಕ್ಕುಬಿಟ್ಟೆ.

ಬೇರೆ ಹಾಳೆಯಲ್ಲಿ ಹಾಡನ್ನು ಕಿವಿಗೆ ಬಿದ್ದ ಹಾಗೆ ನಮ್ಮ ಅಕ್ಷರದಲ್ಲಿ ಬರೆದಿದ್ದೇನೆ. ಅರ್ಥ ಬರೆದು ಕಳಿಸು. ಅಮ್ಮನಿಗೆ ಏನು ಬೇಕು ಎಂದು ಒಂದು ಸಲವಾದರೂ ನನಗೆ ಗೊತ್ತಾಗಲಿ.

ನಿನ್ನ ತಂಗಿ
ಐದಾ


ಹೈಫಾ
ಡಿಸೆಂಬರ್ 21, 1997

ಐದಾ,

ಕಾಗದ ಬಂತು. ನಿನ್ನ ಅಕ್ಷರ ಇನ್ನೂ ಕೋಳಿ ಕೆದಕಿದ ಹಾಗೇ ಇದೆ. ಎರಡು ಸಲ ಓದಿದೆ.

ಹಾಡು ಏನೂ ದೊಡ್ಡದಲ್ಲ. ಹಳ್ಳಿಯ ಕೋಳಿ ಹಾಡು. ಕೋಳಿ ಪಕ್ಕದ ಮನೆ ಅಂಗಳಕ್ಕೆ ಹೋಗಿದೆ, ಹುಂಜ ಕೂಗುತ್ತಿದೆ, ಬಾ ಬಾ, ಹಬ್ಬದ ಸಾರಿಗೆ ನೀರು ಕುದಿಯುತ್ತಿದೆ. ಅಷ್ಟೇ. ಮುದುಕರು ತಿಂಡಿ ವಿಷಯವನ್ನೇ ಹಾಡುತ್ತಾರೆ. ಒಳ್ಳೆಯ ಕೋಳಿ ಸಾರು ಮಾಡಿಕೊಡು.

ಮತ್ತೆ, ಡಾಕ್ಟರಿಗೆ ಹೇಳಿ ಹೊಟ್ಟೆ ಪರೀಕ್ಷೆ ಮಾಡಿಸು. ಏನೂ ಇದೆ ಅಂತಲ್ಲ. ಆ ವಯಸ್ಸಿಗೆ ಮಾಡಿಸಬೇಕು. ನಿದ್ದೆಗೆ, ನೋವಿಗೆ, ಏನಾದರೂ ಬರೆದುಕೊಡುತ್ತಾರೆ. ಮರೆಯಬೇಡ, ಬೇರೆ ಏನು ಮರೆತರೂ ಇದನ್ನು ಮರೆಯಬೇಡ.

ನಿನ್ನ ಭಾವ ಸ್ವಿ ಹಾಸಿಗೆ ಬಿಟ್ಟು ಏಳುವುದಿಲ್ಲ. ಅವನನ್ನು ಮಗ್ಗುಲು ತಿರುಗಿಸುವುದಕ್ಕೂ ನಾನೇ ಆಗಬೇಕು. ಇಲ್ಲದಿದ್ದರೆ ನಾಳೆಯೇ ವಿಮಾನ ಹತ್ತುತ್ತಿದ್ದೆ. ನಿಜ, ಹತ್ತುತ್ತಿದ್ದೆ.

ಅಮ್ಮ ಹೇಳುವುದನ್ನೆಲ್ಲ ಬರೆದು ಕಳಿಸು. ನಾನು ಹೇಳುತ್ತೇನೆ. ಬೇರೆಯವರ ಮುಂದೆ ಹಿಡಿಯಬೇಡ.

ಬೆರ್ತಾ


ವಿಲ್ಲಾ ರೆಬೆಕಾ
ಜನವರಿ 8, 1998

ಪ್ರೀತಿಯ ಅಕ್ಕ,

ಕೂತುಕೊಂಡು ಓದು. ನಿನ್ನ ತಂಗಿ ಅರವತ್ತೊಂದನೇ ವಯಸ್ಸಿನಲ್ಲಿ ಶಾಲೆಗೆ ಸೇರಿದ್ದಾಳೆ!

ಬ್ಯೂನಸ್ ಐರಿಸ್‌ನಿಂದ ಒಂದು ದಂಡು ಬಂದಿಳಿದಿದೆ. ಬೇಸಿಗೆ ಶಾಲೆಯಂತೆ. ಮದುವೆ ಮನೆಯ ಕ್ಲೆಜ್ಮರ್ ವಾದ್ಯ, ನಮ್ಮವರ ಹಾಡು, ಯಿಡ್ಡಿಷ್ ಭಾಷೆ, ಮೂರನ್ನೂ ಜನವರಿ ಮುಗಿಯುವುದರೊಳಗೆ ತಲೆಗೆ ತುಂಬುತ್ತಾರಂತೆ. ಎಲ್ಲಿ ಗೊತ್ತಾ? ನಿನ್ನ ಹಳೆಯ ಶಾಲೆಯಲ್ಲೇ. ಗೋದಾಮಾಗಿದ್ದ ಕಟ್ಟಡಕ್ಕೆ ಸುಣ್ಣ ಬಳಿದು, ಬಾವಲಿ ಓಡಿಸಿ, ಬೆಂಚು ಹಾಕಿದ್ದಾರೆ. ನೀನು ಹತ್ತುತ್ತಿದ್ದ ಪಾರಾಯ್ಸೊ ಮರ ಹಾಗೇ ಇದೆ. ಮಧ್ಯಾಹ್ನ ಊರೆಲ್ಲ ಮಲಗಿದಾಗ ಅದರಡಿ ನಿಂತು ಕ್ಲಾರಿನೆಟ್ ಊದುತ್ತಾರೆ. ಕಸಾಯಿ ಅಂಗಡಿಯ ಗೊನ್ಸಾಲೆಸ್ ಬನಿಯನ್‌ನಲ್ಲೇ ಬಂದು, "ಮದುವೇನಾ ಸಾವಾ ಒಂದು ತೀರ್ಮಾನ ಮಾಡಿ ಊದ್ರಪ್ಪ, ಅರ್ಧ ನಗ್ಬೇಕು ಅನ್ಸತ್ತೆ ಅರ್ಧ ಅಳ್ಬೇಕು ಅನ್ಸತ್ತೆ, ನಿದ್ದೆ ಎಲ್ಲಿಂದ ಬರ್ಬೇಕು" ಎಂದು ಬೈದು ಹೋದ. ನಮ್ಮ ಸಂಗೀತವನ್ನು ಇಷ್ಟು ಸರಿಯಾಗಿ ಯಾರೂ ಹೇಳಿಲ್ಲ ಎಂದು ಮೇಷ್ಟ್ರು ಖುಷಿಪಟ್ಟರು.

ಮೇಷ್ಟ್ರು ಎಂದರೆ ದಮಿಯಾನ್, ಕಿವಿಗೆ ಓಲೆ ಹಾಕಿದ ಹುಡುಗ. ಭಾಷೆ ಅವನದು. ಹಾಡಿಗೆ ಸಿಲಿಯಾ ಎಂಬಾಕೆ, ನಿನ್ನ ಹಾಗೇ ದಪ್ಪ ಧ್ವನಿ, ನಿನ್ನ ಹಾಗೇ ಜೋರು. ಮೊದಲ ದಿನ ದಮಿಯಾನ್ "ಅಜ್ಜಿ, ನೀವು ಕಲಿಸೋಕೆ ಬಂದ್ರಾ, ಕಲಿಯೋಕಾ?" ಎಂದ. "ಕಲಿಯೋಕಪ್ಪ, ಬೇಗ ಕಲಿಸು, ನಮ್ಮಮ್ಮನಿಗೆ ಎಂಬತ್ತೇಳು" ಎಂದೆ. ತರಗತಿ ಗೊಳ್ಳೆಂದಿತು. ನಾನು ತಮಾಷೆ ಮಾಡಿರಲಿಲ್ಲ.

ನಿನ್ನೆ ಕೋಳಿ ಎಂಬ ಪದ ಕಲಿತೆ. ಮನೆಗೆ ಬಂದು ಅಮ್ಮನ ಹಾಡಿನಲ್ಲಿ ಕಿವಿಗೊಟ್ಟು ಹುಡುಕಿದೆ. ಕೋಳಿ ಸಿಗಲೇ ಇಲ್ಲ! ಹಳ್ಳಿಯ ಕೋಳಿಗೆ ಬೇರೆ ಹೆಸರಿರಬೇಕು, ಅಲ್ಲವಾ? ಇನ್ನೊಂದು ಸಲ ಕೇಳಿದಾಗ "ಮಗು" ಎಂದ ಹಾಗಿತ್ತು. ಕೋಳಿಮರಿ ಇರಬೇಕು.

ಸಾರು ದಿನವೂ ಮಾಡುತ್ತಿದ್ದೇನೆ, ಈ ಸುಡುವ ಸೆಕೆಯಲ್ಲಿ, ಮೇಲೆ ಜಿಡ್ಡು ತೇಲುವ ಹಾಗೆ, ನೀನು ಹೇಳಿದಂತೆ. ಅಮ್ಮ ತುಟಿ ಬಿಗಿಹಿಡಿಯುತ್ತಾಳೆ. ನಾನೂ ಬಿಡುವುದಿಲ್ಲ. "ಒಂದೇ ಚಮಚ ಅಮ್ಮ, ನೀನೇ ಕೇಳಿದ್ದಲ್ವಾ" ಎಂದು ಮುದ್ದು ಮಾಡಿ ಸುರಿಯುತ್ತೇನೆ. ನುಂಗಿ, ನನ್ನ ನೋಡಿ, ಇನ್ನೂ ಗಟ್ಟಿಯಾಗಿ ಹಾಡುತ್ತಾಳೆ. ಆಮೇಲೆ ಕೆಲವು ಸಲ ವಾಂತಿ. ಸೆಕೆಗೆ.

ಹೊಟ್ಟೆಯನ್ನೂ ತೋರಿಸಿದೆ, ನಿನ್ನ ಅಪ್ಪಣೆಯಂತೆ. ಡಾಕ್ಟರು ಒತ್ತಿದರು, ಅಮ್ಮ ಹಾಡಿದಳು. ಇನ್ನೂ ಜೋರಾಗಿ ಒತ್ತಿದರು, ಇನ್ನೂ ಜೋರಾಗಿ ಹಾಡಿ ಚಪ್ಪಾಳೆ ತಟ್ಟಿದಳು. ಡಾಕ್ಟರು ನಕ್ಕು, "ಇವರು ನಮ್ಮನ್ನೆಲ್ಲ ಕಳಿಸಿಯೇ ಹೋಗೋದು" ಎಂದು ವಿಟಮಿನ್ ಬರೆದು ಸಮುದ್ರ ತೀರಕ್ಕೆ ರಜೆ ಹೋದರು.

ಮುಂದಿನ ವಾರ ಸಿಲಿಯಾ ತರಗತಿಗೆ ಒಬ್ಬೊಬ್ಬರೂ ತಮ್ಮ ಮನೆಯ ಹಾಡು ತರಬೇಕು. ಉಳಿದವರು ಅಜ್ಜಂದಿರ ಕ್ಯಾಸೆಟ್ ಹುಡುಕುತ್ತಿದ್ದಾರೆ. ನನಗೇನು ಚಿಂತೆ, ನನ್ನ ಹಾಡು ಮಂಚದ ಮೇಲೇ ಕೂತಿದೆ.

ಐದಾ


ಹೈಫಾ
ಜನವರಿ 18, 1998

ಐದಾ,

ನಿನಗೆ ಬುದ್ಧಿ ಇದೆಯಾ? ಆ ಸೆಕೆಯಲ್ಲಿ, ಆ ಮಂಡಿ ನೋವಿನಲ್ಲಿ, ಮೊಮ್ಮಕ್ಕಳ ವಯಸ್ಸಿನವರ ಜೊತೆ ಬೆಂಚಿನ ಮೇಲೆ! ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ? ಪುಸ್ತಕದ ಯಿಡ್ಡಿಷ್ ಕಲಿತರೆ ನಮ್ಮ ಮನೆಯ ಮಾತು ಅರ್ಥವಾಗುತ್ತದೆ ಎಂದು ಯಾರು ಹೇಳಿದರು? ನಾನು ಇದ್ದೇನಲ್ಲ, ನಾನು ಹೇಳುತ್ತಿದ್ದೇನಲ್ಲ.

ಕೋಳಿಗೆ ನಮ್ಮಲ್ಲಿ ಹತ್ತು ಹೆಸರು. ಆ ಹುಡುಗನಿಗೆ ಗೊತ್ತಿರುವುದು ಒಂದು.

ಆ ಹಾಡನ್ನು ಅಲ್ಲಿ ಹಾಡಬೇಡ. ಮೊದಲೇ ಹೇಳಬೇಕಾಗಿತ್ತು, ನಾಚಿಕೆಯಾಗಿ ಹೇಳಲಿಲ್ಲ. ಅದು ಪೋಲಿ ಹಾಡು. ಮದುವೆಯಲ್ಲಿ ಕುಡಿದವರು ಹಾಡುವುದು. ಕೋಳಿ ಹುಂಜ ಎಂದರೆ ಬೇರೆಯೇ. ಹಾಡಿದರೆ ಅಪ್ಪನ ಹೆಸರು ಹಾಳಾಗುತ್ತದೆ. ಬೇರೆ ಯಾವುದಾದರೂ ಜೋಗುಳ ಕಲಿತು ಹಾಡು.

ಸಾರು ನಿಲ್ಲಿಸು. ಇವತ್ತೇ ನಿಲ್ಲಿಸು. ಜಿಡ್ಡು ಎಂದು ನಾನೆಲ್ಲಿ ಬರೆದಿದ್ದೆ? ವಾಂತಿ ಎಂದು ಇಷ್ಟು ಹಗುರಾಗಿ ಬರೆಯುತ್ತೀಯಲ್ಲ! ಆ ಡಾಕ್ಟರನ್ನು ಬಿಡು. ಪರಾನಾದಿಂದ ಬೇರೆಯವರನ್ನು ಕರೆಸು, ಅವರು ಪರೀಕ್ಷೆ ಮಾಡುವಾಗ ನೀನು ಕೋಣೆಯಲ್ಲಿ ಇರಬೇಡ. ಹೊರಗೆ ಹೋಗು. ಯಾಕೆ ಎಂದು ಕೇಳಬೇಡ, ಹೇಳಿದಷ್ಟು ಮಾಡು.

ಅಕ್ಕನ ಮಾತು ಒಂದಾದರೂ ಕೇಳು.

ಬೆರ್ತಾ


ವಿಲ್ಲಾ ರೆಬೆಕಾ
ಜನವರಿ 16, 1998

ಬೆರ್ತಾ,

ಇವತ್ತು ಹಾಡಿದೆ.

ನನ್ನ ಸರದಿ ಕೊನೆಯದು. ಅಪ್ಪನ ಹಾಗೆ ಡೆಸ್ಕು ಬಡಿಯುತ್ತ ಶುರು ಮಾಡಿದೆ. ಎರಡನೇ ಸಾಲಿಗೇ ರೊಸಾರಿಯೊದ ಹುಡುಗಿ ಕ್ಲಾರಿನೆಟ್‌ನಲ್ಲಿ ಮಟ್ಟು ಹಿಡಿದಳು, ಪಿಟೀಲಿನವನು ಸೇರಿದ, ಹೊಸಬರೆಲ್ಲ ಎದ್ದು ನಿಂತು ಚಪ್ಪಾಳೆ. ಏನು ಹೇಳಲಿ, ನನ್ನ ಕಾಲೂ ತಿರುಗಿತು. ಆಗ ಸಿಲಿಯಾಳ ಕೈ ನಿಂತದ್ದು ಕಂಡಿತು. ಆಮೇಲೆ ದಮಿಯಾನ್. ಭಾಷೆ ಬಾರದವರು ಮಾತ್ರ ಚಪ್ಪಾಳೆ ತಟ್ಟುತ್ತಲೇ ಇದ್ದರು, ನಾನೂ.

"ನಿಲ್ಸಿ, ಎಲ್ಲಾರೂ ನಿಲ್ಸಿ" ಎಂದಳು ಸಿಲಿಯಾ. "ಐದಾ, ಇದನ್ನ ಎಲ್ಲಿ ಕಲಿತ್ರಿ?"

"ಮನೇಲಿ. ನಮ್ಮಮ್ಮ ದಿನಾ ಹಾಡ್ತಾರೆ."

"ಈಗ್ಲೂನಾ?"

"ನನ್ನ ಮುಖ ಕಂಡ ಕೂಡ್ಲೇ ಶುರು. ಕೋಳಿ ಹಾಡು. ಯಾಕೆ, ಪದ ಏನಾದ್ರೂ ತಪ್ಪಾಯ್ತಾ?"

ದಮಿಯಾನ್ ಓಲೆ ತಿರುವುತ್ತ ನೆಲ ನೋಡಿದ. "ಪದ ಒಂದೂ ತಪ್ಪಿಲ್ಲ" ಎಂದ. ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿ, ಕಪ್ಪುಹಲಗೆಯ ಮೇಲೆ ಸ್ಪ್ಯಾನಿಷ್‌ನಲ್ಲಿ ಬರೆದ.

ಉರಿಯುತ್ತಿದೆ ನಾಹುಮ್, ಒಳಗೆಲ್ಲ ಉರಿಯುತ್ತಿದೆ, ಆಯ್ ದಯ್ ದಯ್.
ನಗು ನಾಹುಮ್ ನಗು, ಮಗು ನೋಡುತ್ತಿದೆ, ಆಯ್ ದಯ್ ದಯ್.
ಕತ್ತರಿಸುತ್ತಿದೆ, ತಡೆಯಲಾರೆ, ಚಪ್ಪಾಳೆ ತಟ್ಟು, ಮಗು ಹೆದರುತ್ತದೆ.

ಎಲ್ಲಿದೆ ನಿನ್ನ ಕೋಳಿ, ಬೆರ್ತಾ? ಎಲ್ಲಿದೆ ಹುಂಜ?

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಗೇಟು ಕಿರ್ ಎಂದಿತು, ಒಳಗಿಂದ ಹಾಡು ಶುರುವಾಯಿತು. ಅಂಗಳದಲ್ಲೇ ನಿಂತುಬಿಟ್ಟೆ. ರಮೋನಾ ಬಟ್ಟೆ ಹರವುತ್ತಿದ್ದಳು. ಅವಳನ್ನು ಹಿಡಿದು ಅಲುಗಾಡಿಸಿದೆ.

"ದೊಡ್ಡಮ್ಮ ಆಣೆ ಹಾಕಿಸ್ಕೊಂಡಿದ್ರು" ಎಂದು ಅಳಲು ಶುರು ಮಾಡಿದಳು. "ಹೊಟ್ಟೆ ಹಿಡ್ಕೊಂಡು ಬೆಳಗೆಲ್ಲಾ ಒದ್ದಾಡ್ತಾರೆ. ಬಿಸಿನೀರು ಚೀಲ ಕೊಡ್ತೀನಿ. ನಿಮ್ಮ ಗೇಟು ಸದ್ದಾದ್ರೆ ಸಾಕು, ಬಾಚಣಿಗೆ ಕೊಡು ಅಂತಾರೆ, ತಲೆ ಬಾಚ್ಕೊಂಡು ಎದ್ದು ಕೂತ್ಕೋತಾರೆ. ಚಿಕ್ಕವ್ಳಿಗೆ ಗೊತ್ತಾಗ್ಬಾರ್ದು ಅಂತಾರೆ."

"ನನಗೆ ಹೇಳೋಕೇನಾಗಿತ್ತು ನಿನಗೆ?"

"ಹೇಳಿದ್ನಲ್ಲಮ್ಮ, ನನ್ ಜೊತೆ ಸ್ಪ್ಯಾನಿಷ್ ಮಾತಾಡ್ತಾರೆ ಅಂತ. ನೀವೇ ನಕ್ರಿ."

ಮರೆತದ್ದು ಏನೂ ಇಲ್ಲ. ನನ್ನ ಎದುರಿಗೆ ಕೆಟ್ಟ ಸುದ್ದಿ ಆಡುವಾಗ ಅಪ್ಪ ಅಮ್ಮ ಯಾವಾಗಲೂ ಯಿಡ್ಡಿಷ್ ಆಡುತ್ತಿದ್ದರು, ಅಷ್ಟೇ. ಅವಳ ಕಣ್ಣಿಗೆ ನಾನು ಇನ್ನೂ ಮೇಜಿನ ಕೆಳಗೆ ಆಡುವ ಹುಡುಗಿ.

ಆ ಹುಡುಗಿ ಅವಳಿಗೆ ಏನು ಮಾಡಿದಳು ಗೊತ್ತಾ? ಹುಣ್ಣಾದ ಹೊಟ್ಟೆಗೆ ದಿನಾ ಜಿಡ್ಡಿನ ಸಾರು ಸುರಿದಳು, ಬಾಯಿ ಬಿಡಿಸಿ. ನೀನು ಹೇಳಿದೆ ಎಂದು. ನಾನು ಚಮಚ ಎತ್ತಿದಾಗೆಲ್ಲ ಅವಳು "ನಗು ನಾಹುಮ್" ಎಂದು ಹಾಡುತ್ತಿದ್ದಳು.

ನಾಳೆ ಪರಾನಾದಿಂದ ಡಾಕ್ಟರು ಬರುತ್ತಾರೆ. ನೀನು ಮಾತ್ರ ಏನೂ ಬರೆಯಬೇಡ.

ಐದಾ


ಹೈಫಾ
ಜನವರಿ 27, 1998

ಐದಾ, ಐದಿತಾ,

ಬರೆಯಬೇಡ ಎಂದೆ. ಆದರೂ ಬರೆಯುತ್ತೇನೆ, ಓದದಿದ್ದರೆ ಒಲೆಗೆ ಹಾಕು. ನಮ್ಮ ಕಾಗದಗಳು ದಾರಿಯಲ್ಲಿ ದಾಟಿಹೋಗಿವೆ. ಪೋಲಿ ಹಾಡು ಎಂದು ನಾನು ಬರೆದದ್ದು ಇಷ್ಟರಲ್ಲಿ ನಿನ್ನ ಕೈ ಸೇರಿರಬೇಕು. ಅದನ್ನು ಓದುವಾಗ ನಿನ್ನ ಮುಖ ಹೇಗಿತ್ತೋ ಎಂದು ನೆನೆಸಿಕೊಳ್ಳಲೂ ಭಯವಾಗುತ್ತದೆ.

ನಿನ್ನ ಹಾಡಿನ ಹಾಳೆ ಬಿಡಿಸಿದ ಕ್ಷಣ ನಾನು ಮತ್ತೆ ಹತ್ತು ವರ್ಷದವಳಾಗಿಬಿಟ್ಟೆ. ನಿನಗೆ ಆ ಮನೆಯಲ್ಲಿ ಹಾಡು ಸಿಕ್ಕಿತು. ನನಗೆ ಮಾತು ಸಿಕ್ಕಿತು. ನೀನು ಗಿರಗಿರ ತಿರುಗುತ್ತಿದ್ದೆಯಲ್ಲ, ಆಗ ಅಮ್ಮ ಹಾಡುತ್ತಿದ್ದದ್ದೇನು ಗೊತ್ತಾ? "ಸಾಲ ಕೊಟ್ಟವರು ಕುದುರೆಗಳನ್ನು ಹೊಡೆದುಕೊಂಡು ಹೋಗುತ್ತಿದ್ದಾರೆ, ಆಯ್ ದಯ್ ದಯ್, ಬೀಜದ ಗೋಧಿಯೂ ಹೋಯಿತು, ನಗು." ನನಗೆ ಎಲ್ಲ ಅರ್ಥವಾಗುತ್ತಿತ್ತು. ನಿನಗೆ ಸಂಶಯ ಬರಬಾರದು ಎಂದು ಅಪ್ಪ ಮೇಜಿನಡಿ ನನ್ನ ಕಾಲು ಒತ್ತುತ್ತಿದ್ದ, ನಾನು ಗಟ್ಟಿಯಾಗಿ ಆಯ್ ದಯ್ ದಯ್ ಎನ್ನುತ್ತಿದ್ದೆ. ಆಮೇಲೆ ದನದ ಕೊಟ್ಟಿಗೆಗೆ ಹೋಗಿ ಅಳುತ್ತಿದ್ದೆ. ನನ್ನ ಮದುವೆಯಲ್ಲಿ ಆ ಮಟ್ಟು ನುಡಿಸಲು ನಾನು ಬಿಡಲಿಲ್ಲ. ನೀನು ಮುನಿಸಿಕೊಂಡಿದ್ದೆ, ನೆನಪಿದೆಯಾ?

"ಮಗು ನೋಡುತ್ತಿದೆ" ಎಂದು ನಿನ್ನ ಕೈಬರಹದಲ್ಲಿ ಓದಿದಾಗ ನನ್ನ ಕೈ ತಾನಾಗಿ ಕೋಳಿ ಎಂದು ಬರೆಯಿತು. ಏನು ಮಾಡಬೇಕು ಎಂದು ತೋಚದಾಗ ನಮ್ಮವರು ಇನ್ನೇನು ಹೇಳುತ್ತಾರೆ, ಸಾರು ಮಾಡು ಎನ್ನುತ್ತಾರೆ. ಆ ಸಾರು ಅವಳ ಬಾಯಿಗೆ ಹೋಗುತ್ತದೆ ಎಂದು ನನಗೆ ಹೊಳೆಯಲಿಲ್ಲ. ನಿಜವಾಗಿ ಹೊಳೆಯಲಿಲ್ಲ. ಈಗ ಸ್ವಿಗೆ ಊಟ ಮಾಡಿಸುವಾಗ ಪ್ರತಿ ಚಮಚಕ್ಕೂ ನೋವಾಗುತ್ತಿದೆಯಾ ಎಂದು ಕೇಳುತ್ತೇನೆ.

ನಿನ್ನನ್ನು ಒಂದೇ ಕೇಳಿಕೊಳ್ಳುತ್ತೇನೆ. ಬೈಯಿ, ಮಾತು ಬಿಡು, ಏನಾದರೂ ಮಾಡು. ಆದರೆ ನಿನಗೆ ಯಿಡ್ಡಿಷ್ ಬರುತ್ತದೆ ಎಂದು ಅಮ್ಮನಿಗೆ ಹೇಳಬೇಡ. ಹೊಲ ಹೋಯಿತು, ಅಪ್ಪ ಹೋದ, ನಾನು ಈ ಕಡೆ ಬಂದೆ. ನಿನಗೆ ಏನೂ ಗೊತ್ತಿಲ್ಲ ಎನ್ನುವುದೊಂದೇ ಅವಳು ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು.

ನಾನು ಅಲ್ಲಿಲ್ಲ. ನನ್ನಿಂದ ಏನೂ ಆಗುವುದಿಲ್ಲ.

ಬೆರ್ತಾ


ವಿಲ್ಲಾ ರೆಬೆಕಾ
ಫೆಬ್ರವರಿ 9, 1998

ಬೆರ್ತಕ್ಕ,

ನಿನ್ನ ಪೋಲಿ ಹಾಡಿನ ಕಾಗದ ಓದಿ ನಕ್ಕುಬಿಟ್ಟೆ. ಆಮೇಲೆ ನಗು ನಿಲ್ಲಲಿಲ್ಲ, ರಮೋನಾ ಬಂದು ನೀರು ಕೊಟ್ಟಳು. ಎರಡನೆಯದನ್ನು ಒಲೆಗೆ ಹಾಕಿಲ್ಲ.

ಪರಾನಾದ ಡಾಕ್ಟರು ನೋಡಿದರು. ನಾನು ಹೊರಗೇ ನಿಂತೆ, ನೀನು ಬರೆಯುವುದಕ್ಕೆ ಮೊದಲೇ ನನಗೆ ಅಷ್ಟು ಬುದ್ಧಿ ಬಂದಿತ್ತು. ಒಳಗೆ ಅಮ್ಮ ಸ್ಪ್ಯಾನಿಷ್‌ನಲ್ಲಿ, ಎಷ್ಟು ಚೆನ್ನಾಗಿ, ಎಲ್ಲೆಲ್ಲಿ ನೋವು ಎಂದು ಹೇಳುತ್ತಿದ್ದಳು. ಹೊಟ್ಟೆ ತುಂಬ ಗೆಡ್ಡೆಯಂತೆ. ಮೊದಲೇ ಬಂದಿದ್ದರೂ ತೆಗೆಯಲಾಗುತ್ತಿರಲಿಲ್ಲ, ನೋವನ್ನಾದರೂ ತಗ್ಗಿಸಬಹುದಿತ್ತು ಎಂದರು. ಹನಿ ಔಷಧ ಕೊಟ್ಟಿದ್ದಾರೆ. ಅದು ಅರ್ಧ ನೋವನ್ನು ತಿನ್ನುತ್ತದೆ, ಉಳಿದರ್ಧ ನೋವು ಅವಳನ್ನು ತಿನ್ನುತ್ತದೆ. ವಿಟಮಿನ್ ಅಮ್ಮ ಎಂದು ನಾನು ಕೊಡುತ್ತೇನೆ. ಅವಳು ಡಾಕ್ಟರನ್ನೇ ಕೇಳಿ ತಿಳಿದುಕೊಂಡಿದ್ದಾಳೆ. ಆದರೂ ನನ್ನೆದುರು ವಿಟಮಿನ್ ಎಂದೇ ಕುಡಿಯುತ್ತಾಳೆ.

ಶಾಲೆ ಮುಗಿಯಿತು. ಕೊನೆಯ ಸಂಜೆ ಒಂದು ಸಂಪ್ರದಾಯ. ಹಿಂದೆ ಮದುವೆ ಮುಗಿದ ಮೇಲೆ ವಾದ್ಯದವರು ಹಿರಿಯರನ್ನು ಬೀದಿಯುದ್ದಕ್ಕೂ ನುಡಿಸುತ್ತ ಮನೆ ಬಾಗಿಲಿಗೆ ಬಿಟ್ಟು ಬರುತ್ತಿದ್ದರಂತೆ. ತರಗತಿಯಲ್ಲಿ ಹಿರಿಯಳು ನಾನೇ ತಾನೆ, ನನ್ನನ್ನು ಬಿಡಲು ಎಲ್ಲರೂ ಬಂದರು. ಗೊನ್ಸಾಲೆಸ್ ಕೂಡ ಅಂಗಡಿ ಮುಂದೆ ಟೋಪಿ ತೆಗೆದು ನಿಂತ. ರಮೋನಾ ಅಮ್ಮನನ್ನು ಕಿಟಕಿಯ ಹತ್ತಿರ ಕೂರಿಸಿದ್ದಳು. ಸಿಲಿಯಾ ಹತ್ತಿರ ಹೋಗಿ ಯಿಡ್ಡಿಷ್‌ನಲ್ಲಿ ಕ್ಷೇಮ ಕೇಳಿದಳು. ಎಷ್ಟು ವರ್ಷದ ಮೇಲೆ ಎದುರಿಗೆ ಒಬ್ಬರು ಅದನ್ನು ಆಡಿದ್ದು! ಅಮ್ಮ ಅವಳ ಕೈ ಹಿಡಿದುಕೊಂಡಳು.

"ನಂಗೆ ಇನ್ನು ಹೆಚ್ಚು ದಿನ ಇಲ್ಲಮ್ಮ" ಎಂದಳು. "ಮೆಲ್ಲಗೆ ಮಾತಾಡು, ಅಲ್ಲಿ ನಿಂತಿದ್ದಾಳಲ್ಲ, ನಮ್ಮ ಚಿಕ್ಕವಳು, ಅವಳಿಗೆ ಗೊತ್ತಿಲ್ಲ. ಕುಣಿತಾ ಇದಾಳಾ?"

ನಾನು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಸಿಲಿಯಾ ನನ್ನ ಕಡೆ ತಿರುಗಲಿಲ್ಲ. "ಕುಣಿತಾ ಇದಾಳೆ" ಎಂದಳು. ಇನ್ನೇನು ಮಾಡಲಿ ಅಕ್ಕ, ಕುಣಿದೆ. ಈ ಮಂಡಿ ಇಟ್ಟುಕೊಂಡು, ಬೀದಿಯಲ್ಲಿ, ಆ ಮಟ್ಟಿಗೇ.

ನೀನು ಕೇಳಿಕೊಂಡದ್ದನ್ನು ನಡೆಸುತ್ತಿದ್ದೇನೆ. ಆದರೆ ಅದು ಸುಲಭ ಎಂದುಕೊಳ್ಳಬೇಡ. ಅಮ್ಮಾ ನನಗೆ ಗೊತ್ತು, ಹಾಡಬೇಡ, ಅತ್ತುಬಿಡು, ನನ್ನ ಹೆಗಲ ಮೇಲೆ ಅಳು ಎಂದು ಹೇಳಲು ಬೇಕಾದ ಪದಗಳೆಲ್ಲ ಈಗ ನನಗೆ ಬರುತ್ತವೆ. ಒಂದೊಂದನ್ನೂ ದಮಿಯಾನನ ಹತ್ತಿರ ಕೇಳಿ ಕಲಿತೆ. ಬಾಯಿಗೆ ಬಂದದ್ದನ್ನು ನುಂಗಿ, "ಏನಮ್ಮಾ ಅಂದೆ?" ಎಂದು ಸ್ಪ್ಯಾನಿಷ್‌ನಲ್ಲಿ ಕೇಳುತ್ತೇನೆ.

ಇವತ್ತು ಮಧ್ಯಾಹ್ನ ಊಟವಾದ ಮೇಲೆ ಅವಳ ಪಕ್ಕದಲ್ಲೇ ಉರುಳಿಕೊಂಡೆ. ಸ್ವಲ್ಪ ಹೊತ್ತು ಹಾಡಿದಳು. ದನಿ ಏಳುತ್ತಿರಲಿಲ್ಲ. ಆಮೇಲೆ ನಿಲ್ಲಿಸಿ, ಫೋಟೋದ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ನಾಹುಮ್, ಮಗು ಮಲಗ್ತಾ?"

ಏನು ಮಾಡಬೇಕೆಂದು ನನಗೆ ಗೊತ್ತಾಯಿತು ಅಕ್ಕ. ಕಣ್ಣು ಮುಚ್ಚಿಕೊಂಡೆ. ಮಕ್ಕಳು ಉಸಿರಾಡುವ ಹಾಗೆ ಉದ್ದಕ್ಕೆ ಉಸಿರಾಡಿದೆ. ಅವಳು ನನ್ನ ಮುಖದ ಹತ್ತಿರ ಬಗ್ಗಿ ನೋಡಿದಳು, ಹೊದಿಕೆಯನ್ನು ನನ್ನ ಭುಜದವರೆಗೆ ಎಳೆದಳು, ಆಮೇಲೆ ಆ ಕಡೆ ತಿರುಗಿ ಕೊನೆಗೂ ನರಳಿದಳು. ಸೆಕೆ ಇಳಿಯುವವರೆಗೆ ನರಳಿದಳು, ಅಪ್ಪನ ಹತ್ತಿರ ಎಲ್ಲ ಹೇಳಿಕೊಂಡಳು. ಬೇಕಾದಷ್ಟೂ ನನಗೆ ಅರ್ಥವಾಯಿತು. ನಾನು ಅಲುಗಾಡಲಿಲ್ಲ.

ನಾಳೆಯೂ ಊಟವಾದ ಕೂಡಲೇ ಮಲಗುತ್ತೇನೆ.

ನಿನ್ನ
ಐದಾ